ಟಿವಿಗೆ ಜೋಡಿಸಿದ ಲಿನಕ್ಸ್ ಕಂಪ್ಯೂಟರ್: ಗ್ರಾಫಿಕ್ಸ್ ತೊಂದರೆಗಳಿಗೆ ಉತ್ತರ

ಮನೆಯ ಟಿವಿಗೆ ಲಿನಕ್ಸ್ ಕಂಪ್ಯೂಟರ್ ಜೋಡಿಸಿ ಸಿನಿಮಾ ನೋಡುವವರ ಪ್ರಶ್ನೆಗಳನ್ನಷ್ಟೇ ಈ ಕಂತಿಗೆ ಆರಿಸಿಕೊಂಡಿದ್ದೇವೆ. ಒಂದು ಸೂಚನೆ: ಕಮಾಂಡ್, ಫೈಲ್ ಮತ್ತು ಪ್ಯಾಕೇಜ್‌ಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಅಚ್ಚು ಮಾಡಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ಏಳನೇ ತಲೆಮಾರಿನ ಇಂಟೆಲ್ ಐ3 ಇರುವ ಪುಟ್ಟ ಕಂಪ್ಯೂಟರ್‌ಗೆ ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ಸಿನಿಮಾ ಪ್ಲೇಯರ್ ಕೋಡಿಯ ಮೆನುವೇ ತಡವರಿಸುತ್ತದೆ, 1080ಪಿ ವಿಡಿಯೊ ಹಾಕಿದರೆ ಸಿಪಿಯು ಪೂರ್ತಿ ದುಡಿಯುತ್ತದೆ. ಸಿಸ್ಟಂ ಮಾಹಿತಿಯಲ್ಲಿ ಗ್ರಾಫಿಕ್ಸ್ ಎಂಬಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದೆ. ಇಂಟೆಲ್ ಡ್ರೈವರ್ ಎಲ್ಲಿಂದ ಡೌನ್‌ಲೋಡ್ ಮಾಡಲಿ?

ಉತ್ತರ: ಎಲ್ಲಿಂದಲೂ ಬೇಡ. ನಿಮಗೆ ಬೇಕಾದ ಡ್ರೈವರ್ ಡಿಸ್ಕ್‌ನಲ್ಲಿ ಆಗಲೇ ಇದೆ, ಯಾವುದೋ ಕಾರಣಕ್ಕೆ ಕೆಲಸಕ್ಕೆ ಇಳಿದಿಲ್ಲ ಅಷ್ಟೆ. ಎಲ್‌ಎಲ್‌ವಿಎಂಪೈಪ್ ಎಂದರೆ ಗ್ರಾಫಿಕ್ಸ್ ಚಿಪ್ ಸಿಗದೆ ಇಡೀ ಪರದೆಯನ್ನು ಸಿಪಿಯುವೇ ಬಿಡಿಸುತ್ತಿದೆ ಎಂದರ್ಥ. ಮೆನು ತಡವರಿಸುವುದು ಅದಕ್ಕೇ.

ಓಪನ್‌ಸೋರ್ಸ್ ಗ್ರಾಫಿಕ್ಸ್‌ನಲ್ಲಿ ‘ಡ್ರೈವರ್’ ಎಂಬುದು ಒಂದೇ ವಸ್ತುವಲ್ಲ. ತಳದಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು) ಮಾಡ್ಯೂಲ್: ನಿಮ್ಮ ಚಿಪ್‌ಗೆ ಐ915, ಹೊಸ ಇಂಟೆಲ್ ಚಿಪ್‌ಗಳಿಗೆ ಎಕ್ಸ್‌ಇ, ಎಎಂಡಿಗೆ ಎಎಂಡಿಜಿಪಿಯು. ಅದು ಚಿಪ್‌ಗೆ ತುಂಬುವ ಫರ್ಮ್‌ವೇರ್ (ಚಿಪ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ) ಫೈಲ್‌ಗಳು ಬೇರೆ. ಮೇಲೆ ಓಪನ್‌ಜಿಎಲ್ ಚಿತ್ರ ಬಿಡಿಸುವ ಮೆಸಾ. ವಿಡಿಯೊ ಬಿಚ್ಚುವ ವಿಎ-ಎಪಿಐ ಡ್ರೈವರ್ ಇನ್ನೂ ಬೇರೆ. ಯಾವುದು ಕೈಕೊಟ್ಟಿದೆ ಎಂದು ಗೊತ್ತಾಗುವ ತನಕ ಯಾವುದನ್ನೂ ಬದಲಿಸಬೇಡಿ. ಇಂಟರ್ನೆಟ್‌ನಲ್ಲಿ ಸಿಕ್ಕ ಹತ್ತು ಕಮಾಂಡ್‌ಗಳನ್ನು ಸಾಲಾಗಿ ಓಡಿಸಿದ ಕಂಪ್ಯೂಟರನ್ನು ರಿಪೇರಿ ಮಾಡುವುದಕ್ಕಿಂತ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಸುಲಭ.

ಮೊದಲು ‘ಎಲ್‌ಎಸ್‌ಪಿಸಿಐ -ಕೆ’ ಓಡಿಸಿ. ವಿಜಿಎ ಎಂದು ಶುರುವಾಗುವ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್: ಐ915’ ಎಂದಿರಬೇಕು. ಆ ಸಾಲೇ ಇಲ್ಲದಿದ್ದರೆ ತೊಂದರೆ ತಳದಲ್ಲೇ ಇದೆ. ಆಗ ‘ಕ್ಯಾಟ್ /ಪ್ರಾಕ್/ಸಿಎಂಡಿಲೈನ್’ ಕೊಟ್ಟು, ಬರುವ ಸಾಲಿನಲ್ಲಿ ‘ನೋಮೋಡ್‌ಸೆಟ್’ ಎಂಬ ಪದ ಹುಡುಕಿ. ಇನ್‌ಸ್ಟಾಲ್ ಮಾಡುವಾಗ ‘ಸೇಫ್ ಗ್ರಾಫಿಕ್ಸ್’ ಆಯ್ಕೆ ಒತ್ತಿದ್ದರೆ ಅದು ಅಲ್ಲೇ ಉಳಿದುಬಿಡಬಹುದು. ಆ ಒಂದು ಪದ ಇದ್ದರೆ ಐ915 ಚಿಪ್‌ಗೆ ಕೈಯನ್ನೇ ಹಚ್ಚುವುದಿಲ್ಲ. ಬಯೋಸ್ ಕೊಟ್ಟ ಸಾದಾ ಫ್ರೇಂಬಫರ್ (ಪರದೆಯ ಚಿತ್ರ ಇಡುವ ಮೆಮೊರಿ) ಮೇಲೆ ಕಂಪ್ಯೂಟರ್ ನಡೆಯುತ್ತದೆ, ಎಚ್‌ಡಿಎಂಐ ಧ್ವನಿಯೂ ಇಲ್ಲವಾಗುತ್ತದೆ. ಕಂಪ್ಯೂಟರನ್ನು ಬೂಟ್ ಮಾಡಿಸುವ ಗ್ರಬ್‌ನ ‘/ಇಟಿಸಿ/ಡಿಫಾಲ್ಟ್/ಗ್ರಬ್’ ಫೈಲ್ ತೆರೆದು ಆ ಪದ ಅಳಿಸಿ, ‘ಸುಡೊ ಅಪ್‌ಡೇಟ್-ಗ್ರಬ್’ ಕೊಟ್ಟು ರೀಬೂಟ್ ಮಾಡಿ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ‘ಸುಡೊ ಗ್ರಬ್ಬಿ --ಅಪ್‌ಡೇಟ್-ಕರ್ನಲ್=ಆಲ್ --ರಿಮೂವ್-ಆರ್ಗ್ಸ್=ನೋಮೋಡ್‌ಸೆಟ್’; ಇಲ್ಲಿ ‘ಆಲ್’ ಮಾತ್ರ ದೊಡ್ಡಕ್ಷರದಲ್ಲಿರಬೇಕು.

ಅಲ್ಲೇನೂ ಸಿಗದಿದ್ದರೆ ‘/ಇಟಿಸಿ/ಮಾಡ್‌ಪ್ರೋಬ್.ಡಿ’ ಡೈರೆಕ್ಟರಿಯಲ್ಲಿ ‘ಬ್ಲ್ಯಾಕ್‌ಲಿಸ್ಟ್’ ಸಾಲುಗಳನ್ನು ನೋಡಿ. ಅಲ್ಲಿಯೂ ಇಲ್ಲವಾದರೆ ಫರ್ಮ್‌ವೇರ್. ‘ಸುಡೊ ಡಿಮೆಸೇಜ್’ (dmesg) ತೋರಿಸುವ ಕರ್ನಲ್ ಲಾಗ್‌ನಲ್ಲಿ ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ... ಫೇಲ್ಡ್ ವಿತ್ ಎರರ್ -2’ ಎಂದಿದ್ದರೆ ಆ ಫೈಲ್ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ. -2 ಎಂದರೆ ಅಷ್ಟೇ ಅರ್ಥ. ನಿಮ್ಮಂಥ ಇಂಟೆಲ್ ಚಿಪ್‌ಗೆ ಇದು ಪ್ರಾಣಾಂತಿಕವಲ್ಲ: ಡಿಎಂಸಿ ಫರ್ಮ್‌ವೇರ್ ಇಲ್ಲದಿದ್ದರೆ ವಿದ್ಯುತ್ ಉಳಿತಾಯ ಕುಂದುತ್ತದೆ, ಚಿತ್ರ ಬರುತ್ತದೆ. ಎಎಂಡಿಯಲ್ಲಿ ಹಾಗಲ್ಲ, ಫರ್ಮ್‌ವೇರ್ ಸಿಗದಿದ್ದರೆ ಎಎಂಡಿಜಿಪಿಯು ಮಾಡ್ಯೂಲ್ ಅಲ್ಲಿಗೇ ಕೈಚೆಲ್ಲುತ್ತದೆ. ಡೆಬಿಯನ್ 12ರಿಂದ (2023) ಇನ್‌ಸ್ಟಾಲರ್ ತಾನೇ ಫರ್ಮ್‌ವೇರ್ ಹಾಕಿಕೊಡುತ್ತದೆ. ಹಳೆಯದರಿಂದ ಅಪ್‌ಗ್ರೇಡ್ ಆಗಿ ಬಂದ ಕಂಪ್ಯೂಟರ್‌ನಲ್ಲಿ ಸೋರ್ಸಸ್ ಫೈಲ್‌ಗೆ (ಪ್ಯಾಕೇಜ್ ಎಲ್ಲಿಂದ ತರಬೇಕೆಂಬ ಪಟ್ಟಿ) ‘ನಾನ್-ಫ್ರೀ-ಫರ್ಮ್‌ವೇರ್’ ವಿಭಾಗವನ್ನು ನೀವೇ ಸೇರಿಸಬೇಕು. ಪ್ಯಾಕೇಜ್ ಎಎಂಡಿಗೆ ‘ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್’, ಇಂಟೆಲ್‌ಗೆ ಡೆಬಿಯನ್ 12ರಲ್ಲಿ ‘ಫರ್ಮ್‌ವೇರ್-ಮಿಸ್ಕ್-ನಾನ್‌ಫ್ರೀ’, 13ರಲ್ಲಿ ‘ಫರ್ಮ್‌ವೇರ್-ಇಂಟೆಲ್-ಗ್ರಾಫಿಕ್ಸ್’. ಹಾಕಿದ ಮೇಲೆ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಡಿ.

‘ಎಲ್‌ಎಸ್‌ಪಿಸಿಐ’ ಐ915 ಎಂದೇ ತೋರಿಸಿಯೂ ಎಲ್‌ಎಲ್‌ವಿಎಂಪೈಪ್ ಬಿಡದಿದ್ದರೆ ತಳ ಸರಿಯಿದೆ, ತೊಂದರೆ ಮೆಸಾ ಪದರದಲ್ಲಿ. ‘ಮೆಸಾ-ಯುಟಿಲ್ಸ್’ ಹಾಕಿ ‘ಜಿಎಲ್‌ಎಕ್ಸ್‌ಇನ್ಫೋ -ಬಿ’ ಓಡಿಸಿ (ಬಿ ದೊಡ್ಡಕ್ಷರ). ರೆಂಡರರ್ ಸಾಲಿನಲ್ಲಿ ಎಚ್‌ಡಿ ಗ್ರಾಫಿಕ್ಸ್ 620 ಎಂಬಂಥ ನಿಜವಾದ ಚಿಪ್ ಹೆಸರು ಬರಬೇಕು. ಬರದಿದ್ದರೆ ನೋಡಬೇಕಾದ್ದು: ‘ಲಿಬ್‌ಜಿಎಲ್1-ಮೆಸಾ-ಡಿಆರ್‌ಐ’ ಪ್ಯಾಕೇಜ್ ಇದೆಯೇ, ‘/ಡೆವ್/ಡಿಆರ್‌ಐ/ರೆಂಡರ್‌ಡಿ128’ ಫೈಲ್ ತೆರೆಯಲು ನಿಮ್ಮ ಯೂಸರ್‌ಗೆ ಅನುಮತಿ ಇದೆಯೇ, ಮತ್ತು ಯಾವುದೋ ಹಳೆಯ ಸಲಹೆ ಓದಿ ‘/ಇಟಿಸಿ/ಎನ್ವಿರಾನ್‌ಮೆಂಟ್’ನಲ್ಲಿ ‘ಲಿಬ್‌ಜಿಎಲ್_ಆಲ್ವೇಸ್_ಸಾಫ್ಟ್‌ವೇರ್=1’ ಎಂದು ಬರೆದು ಮರೆತಿದ್ದೀರಾ ಎಂಬುದು.

ಬೇರೆ ಓದುಗರಿಗೆ ಒಂದು ಮಾತು: ಚಿಪ್ ಡೆಬಿಯನ್ ಆವೃತ್ತಿಗಿಂತ ಹೊಸದಾಗಿದ್ದರೆ ಮೇಲಿನ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಆ ಕರ್ನಲ್‌ಗೆ ಚಿಪ್‌ನ ಗುರುತೇ ಇರುವುದಿಲ್ಲ. ಬ್ಯಾಕ್‌ಪೋರ್ಟ್ಸ್‌ನಿಂದ (ಇರುವ ಡೆಬಿಯನ್‌ಗೇ ಹೊಸ ಪ್ಯಾಕೇಜ್ ಕೊಡುವ ಭಂಡಾರ) ಕರ್ನಲ್, ಫರ್ಮ್‌ವೇರ್, ಮೆಸಾ ಮೂರನ್ನೂ ಒಟ್ಟಿಗೇ ತನ್ನಿ. ಕರ್ನಲ್ ಒಂದನ್ನೇ ಹೊಸದು ಮಾಡಿ ಫರ್ಮ್‌ವೇರ್ ಹಳೆಯದೇ ಬಿಟ್ಟರೆ ಮತ್ತೆ ಆ -2 ಎದುರಾಗುತ್ತದೆ.

ಪ್ರಶ್ನೆ: ಎಎಂಡಿ ರೈಜೆನ್‌ನ ಒಳಗಿನ ಗ್ರಾಫಿಕ್ಸ್, ಫೆಡೋರಾ, ಕೋಡಿ. ಜಿಎಲ್‌ಎಕ್ಸ್‌ಇನ್ಫೋದಲ್ಲಿ ಎಎಂಡಿ ಎಂದೇ ಇದೆ, ಮೆನು ನುಣುಪಾಗಿ ಓಡುತ್ತದೆ. ಆದರೆ 4ಕೆ ಎಚ್‌ಇವಿಸಿ ಫೈಲ್ ಹಾಕಿದರೆ ಸಿಪಿಯು ಕುದಿಯುತ್ತದೆ. ಕೋಡಿಯಲ್ಲಿ ವಿಎ-ಎಪಿಐ ಆನ್ ಇದೆ.

ಉತ್ತರ: ಫೆಡೋರಾ 2022ರಲ್ಲಿ, 37ನೇ ಆವೃತ್ತಿಯ ಹೊತ್ತಿಗೆ, ತನ್ನ ಮೆಸಾದಿಂದ ಎಚ್.264, ಎಚ್‌ಇವಿಸಿ, ವಿಸಿ-1 ಎಂಬ ಕೋಡೆಕ್‌ಗಳ (ವಿಡಿಯೊ ಕುಗ್ಗಿಸುವ ವಿಧಾನಗಳು) ಹಾರ್ಡ್‌ವೇರ್ ಡಿಕೋಡಿಂಗ್ ತೆಗೆದುಹಾಕಿತು. ಕಾರಣ ಪೇಟೆಂಟ್, ತಾಂತ್ರಿಕ ದೋಷವಲ್ಲ. ಹಾಗಾಗಿ ಚಿತ್ರ ಬಿಡಿಸುವ ಭಾಗ ಪೂರ್ತಿ ಇದೆ, ವಿಡಿಯೊ ಬಿಚ್ಚುವ ಭಾಗದಲ್ಲಿ ಕೆಲವು ಕೋಡೆಕ್ ಮಾತ್ರ ಇಲ್ಲ. ‘ಲಿಬ್‌ವಿಎ-ಯುಟಿಲ್ಸ್’ ಹಾಕಿ ‘ವಿಎಇನ್ಫೋ’ ಓಡಿಸಿದರೆ ವಿಪಿ9 ಸಾಲುಗಳು ಬಂದು ಎಚ್.264, ಎಚ್‌ಇವಿಸಿ ಸಾಲುಗಳು ಬರದೇ ಇರುವುದು ಕಾಣುತ್ತದೆ.

ಪರಿಹಾರ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಪ್ಯಾಕೇಜ್ ಭಂಡಾರದಲ್ಲಿದೆ. ಅದನ್ನು ಸೇರಿಸಿಕೊಂಡು ‘ಸುಡೊ ಡಿಎನ್‌ಎಫ್ ಸ್ವಾಪ್ ಮೆಸಾ-ವಿಎ-ಡ್ರೈವರ್ಸ್ ಮೆಸಾ-ವಿಎ-ಡ್ರೈವರ್ಸ್-ಫ್ರೀವರ್ಲ್ಡ್’ ಕೊಡಿ. ಇಂಟೆಲ್ ಇದ್ದವರು ಅಲ್ಲಿಂದಲೇ ‘ಇಂಟೆಲ್-ಮೀಡಿಯಾ-ಡ್ರೈವರ್’ ಹಾಕಿಕೊಳ್ಳಬಹುದು. ಮುಂದೆ ಒಂದು ಕಿರಿಕಿರಿ ಬರುತ್ತದೆ: ಫೆಡೋರಾದಲ್ಲಿ ಹೊಸ ಮೆಸಾ ಬಂದಾಗ ಫ್ರೀವರ್ಲ್ಡ್ ಪ್ಯಾಕೇಜ್ ಸ್ವಲ್ಪ ಹಿಂದುಳಿಯುತ್ತದೆ, ಅಪ್‌ಡೇಟ್ ವೇಳೆ ಆವೃತ್ತಿ ಹೊಂದುವುದಿಲ್ಲ ಎಂಬ ದೂರು ಬರುತ್ತದೆ. ಎರಡು ದಿನ ಕಾಯಿರಿ. ‘--ಅಲೌಇರೇಸಿಂಗ್’ ಸೇರಿಸಿ ಒತ್ತಾಯ ಮಾಡಿದರೆ ಫ್ರೀವರ್ಲ್ಡ್ ಕಿತ್ತುಹೋಗಿ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತೀರಿ.

ವಿಎಇನ್ಫೋ ಓದುವುದು ಕಲಿತರೆ ಅರ್ಧ ಕೆಲಸ ಮುಗಿದಂತೆ. ಪ್ರತಿ ಸಾಲಿನ ಎಡಕ್ಕೆ ಕೋಡೆಕ್ ಹೆಸರು, ಬಲಕ್ಕೆ ಎಂಟ್ರಿಪಾಯಿಂಟ್. ‘ವಿಎಲ್‌ಡಿ’ ಎಂದಿದ್ದರೆ ಡಿಕೋಡ್, ‘ಎನ್‌ಕ್‌ಸ್ಲೈಸ್’ ಎಂದಿದ್ದರೆ ಎನ್‌ಕೋಡ್. ಸಿನಿಮಾ ನೋಡಲು ವಿಎಲ್‌ಡಿ ಸಾಕು. ನಿಮ್ಮ 4ಕೆ ಫೈಲ್ 10 ಬಿಟ್‌ನದಾದರೆ ‘ಎಚ್‌ಇವಿಸಿಮೇನ್’ ಇದ್ದರೆ ಸಾಲದು, ‘ಎಚ್‌ಇವಿಸಿಮೇನ್10’ ಬೇಕು.

ಅದು ಇಲ್ಲದಿದ್ದರೆ ಚಿಪ್‌ನ ವಯಸ್ಸು ನೋಡಿ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಹ್ಯಾಸ್‌ವೆಲ್‌ಗೆ ಎಚ್‌ಇವಿಸಿ ಹಾರ್ಡ್‌ವೇರ್ ಇಲ್ಲ. ಆರನೆಯ ಸ್ಕೈಲೇಕ್‌ಗೆ 8 ಬಿಟ್ ಎಚ್‌ಇವಿಸಿ ಪೂರ್ತಿಯಾಗಿ ಇದೆ. 10 ಬಿಟ್ ಎಚ್‌ಇವಿಸಿ ಮತ್ತು 10 ಬಿಟ್ ವಿಪಿ9 ಪೂರ್ತಿ ಬಂದದ್ದು ಏಳನೆಯ ಕೇಬಿಲೇಕ್‌ನಲ್ಲಿ. ಎವಿ1 ಡಿಕೋಡಿಂಗ್ ಹನ್ನೊಂದನೆಯ ಟೈಗರ್‌ಲೇಕ್‌ನಿಂದ. ಎಎಂಡಿಯ ಮೊದಲ ರೈಜೆನ್ ಎಪಿಯು (ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್) ರೇವನ್ ರಿಡ್ಜ್‌ಗೆ 10 ಬಿಟ್ ಎಚ್‌ಇವಿಸಿ ಮತ್ತು ವಿಪಿ9 ಇವೆ, ಎವಿ1 ಇಲ್ಲ. ಎವಿ1 ಎಎಂಡಿಯ ಆರ್‌ಡಿಎನ್‌ಎ2 ತಲೆಮಾರಿನ ಕಾರ್ಡ್‌ಗಳಲ್ಲಿ ಬಂತು. ಆ ಸಾಲಿನ ಅತಿ ಕಿರಿಯ ಚಿಪ್ ನಾವಿ 24ರಲ್ಲಿ ಮಾತ್ರ ಬಿಟ್ಟುಬಿಟ್ಟರು. ಇನ್ನು 10 ಬಿಟ್ ಎಚ್.264 ಫೈಲ್‌ಗಳು: ಅನಿಮೆ ಸಂಗ್ರಹಗಳಲ್ಲಿ ಬಹಳ. ಅವನ್ನು ಬಿಚ್ಚುವ ಹಾರ್ಡ್‌ವೇರ್ ಈ ಇಂಟೆಲ್, ಎಎಂಡಿ ಚಿಪ್‌ಗಳಲ್ಲಿ ಯಾವುದಕ್ಕೂ ಇಲ್ಲ, ಸಿಪಿಯುವೇ ಮಾಡಬೇಕು. ಅದಕ್ಕೆ ಡ್ರೈವರನ್ನು ದೂರಿ ಪ್ರಯೋಜನವಿಲ್ಲ.

ಇಂಟೆಲ್‌ನಲ್ಲಿ ಎರಡು ವಿಎ-ಎಪಿಐ ಡ್ರೈವರ್‌ಗಳಿರುವುದೂ ಗೊಂದಲಕ್ಕೆ ಕಾರಣ. ಐದನೆಯ ತಲೆಮಾರಿನ ಬ್ರಾಡ್‌ವೆಲ್ ಮತ್ತು ಮುಂದಿನವಕ್ಕೆ ‘ಐಎಚ್‌ಡಿ’, ಅದಕ್ಕೂ ಹಳೆಯವಕ್ಕೆ ‘ಐ965’. ತಪ್ಪಾದದ್ದು ಲೋಡ್ ಆಗುತ್ತಿದ್ದರೆ ‘ಲಿಬ್‌ವಿಎ_ಡ್ರೈವರ್_ನೇಮ್=ಐಎಚ್‌ಡಿ ವಿಎಇನ್ಫೋ’ ಎಂದು ಪರೀಕ್ಷಿಸಿ. ಐಎಚ್‌ಡಿಯಲ್ಲಿ ‘ಐ’ ಸಣ್ಣಕ್ಷರ, ‘ಎಚ್‌ಡಿ’ ದೊಡ್ಡಕ್ಷರ. ತಪ್ಪಿದರೆ ಫೈಲ್ ಸಿಗಲಿಲ್ಲ ಎನ್ನುತ್ತದೆ.

ವಿಎಇನ್ಫೋ ಸರಿಯಾದ ಮೇಲೆ ನೇರ ಕೋಡಿಗೆ ಹೋಗಬೇಡಿ. ನಡುವೆ ಎಂಪಿವಿ ಎಂಬ ಪ್ಲೇಯರ್‌ನಲ್ಲಿ ‘ಎಂಪಿವಿ --ಎಚ್‌ಡಬ್ಲ್ಯುಡೆಕ್=ವಿಎಎಪಿಐ’ ಎಂದು ಅದೇ ಫೈಲ್ ಹಾಕಿ. ‘ಯೂಸಿಂಗ್ ಹಾರ್ಡ್‌ವೇರ್ ಡಿಕೋಡಿಂಗ್’ ಎಂಬ ಸಾಲು ಟರ್ಮಿನಲ್‌ನಲ್ಲಿ ಬಂದರೆ ಡ್ರೈವರ್ ಪಾಸು, ಇನ್ನು ಉಳಿದದ್ದು ಕೋಡಿಯ ಸೆಟ್ಟಿಂಗ್. ಕೋಡಿಯಲ್ಲಿ ವಿಡಿಯೊ ಓಡುವಾಗ ಕೀಬೋರ್ಡ್‌ನ ‘ಒ’ ಒತ್ತಿದರೆ ಡಿಕೋಡರ್ ಹೆಸರಿನ ಪಕ್ಕ ಅದು ಹಾರ್ಡ್‌ವೇರೋ ಸಾಫ್ಟ್‌ವೇರೋ ಎಂದು ತೋರಿಸುತ್ತದೆ. ಚಿಪ್ ನಿಜವಾಗಿ ದುಡಿಯುತ್ತಿದೆಯೇ ಎಂದು ನೋಡಲು ಇಂಟೆಲ್‌ನಲ್ಲಿ ‘ಸುಡೊ ಇಂಟೆಲ್_ಜಿಪಿಯು_ಟಾಪ್’ ಓಡಿಸಿ. ‘ವಿಡಿಯೊ’ ಸಾಲು ಸೊನ್ನೆಯಿಂದ ಮೇಲೇಳಬೇಕು. ಎಎಂಡಿಗೆ ‘ಎನ್‌ವಿಟಾಪ್’ ಸಾಕು.

ಫ್ಲಾಟ್‌ಪ್ಯಾಕ್‌ನಲ್ಲಿ ಕೋಡಿ ಹಾಕಿದವರು ಗಮನಿಸಿ: ಅದು ತನ್ನದೇ ಮೆಸಾವನ್ನು ಹೊತ್ತು ತರುತ್ತದೆ. ಹೊರಗೆ ಓಡಿಸಿದ ವಿಎಇನ್ಫೋ ಏನು ಹೇಳಿದರೂ ಅದಕ್ಕೂ ಒಳಗಿನ ಕೋಡಿಗೂ ಸಂಬಂಧವಿಲ್ಲ. ಟಿವಿ ಕಂಪ್ಯೂಟರ್‌ಗೆ ಡಿಸ್ಟ್ರೋದ (ಡೆಬಿಯನ್, ಫೆಡೋರಾದಂಥ ಲಿನಕ್ಸ್) ಸ್ವಂತ ಪ್ಯಾಕೇಜೇ ವಾಸಿ.

ಪ್ರಶ್ನೆ: ನನ್ನ ಯೂಸರ್‌ನಲ್ಲಿ ವಿಎಇನ್ಫೋ ಎಲ್ಲ ತೋರಿಸುತ್ತದೆ. ಅದೇ ಕಂಪ್ಯೂಟರ್‌ನಲ್ಲಿ ಸರ್ವಿಸ್ ಆಗಿ ಓಡುವ ಮೀಡಿಯಾ ಸರ್ವರ್ ಜೆಲ್ಲಿಫಿನ್‌ಗೆ ಮಾತ್ರ ಹಾರ್ಡ್‌ವೇರ್ ಸಿಗುವುದಿಲ್ಲ.

ಉತ್ತರ: ಅನುಮತಿಯ ಸಮಸ್ಯೆ. ಪರದೆಯ ಮುಂದೆ ಲಾಗಿನ್ ಆದ ಯೂಸರ್‌ಗೆ ಸಿಸ್ಟಂಡಿ (ಸರ್ವಿಸ್, ಲಾಗಿನ್‌ಗಳನ್ನು ನಿಭಾಯಿಸುವ ಪ್ರೋಗ್ರಾಂ) ತಾನಾಗಿ ಗ್ರಾಫಿಕ್ಸ್ ಸಾಧನದ ಅನುಮತಿ ಕೊಡುತ್ತದೆ, ಹಿನ್ನೆಲೆಯ ಸರ್ವಿಸ್‌ಗೆ ಕೊಡುವುದಿಲ್ಲ. ‘ಸುಡೊ ಯೂಸರ್‌ಮಾಡ್ -ಎಜಿ ರೆಂಡರ್ ಜೆಲ್ಲಿಫಿನ್’ ಕೊಟ್ಟು (ಎ ಸಣ್ಣಕ್ಷರ, ಜಿ ದೊಡ್ಡಕ್ಷರ) ಸರ್ವಿಸ್ ರೀಸ್ಟಾರ್ಟ್ ಮಾಡಿ. ಆ ಯೂಸರ್ ಆಗಿಯೇ ಪರೀಕ್ಷಿಸಲು: ‘ಸುಡೊ -ಯು ಜೆಲ್ಲಿಫಿನ್ ವಿಎಇನ್ಫೋ --ಡಿಸ್‌ಪ್ಲೇ ಡಿಆರ್‌ಎಂ --ಡಿವೈಸ್ /ಡೆವ್/ಡಿಆರ್‌ಐ/ರೆಂಡರ್‌ಡಿ128’. ಜೆಲ್ಲಿಫಿನ್ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆ) ಇದ್ದರೆ ‘/ಡೆವ್/ಡಿಆರ್‌ಐ’ ಸಾಧನವನ್ನು ಒಳಗೆ ಕೊಡಬೇಕು. ಜೊತೆಗೆ ಗುಂಪನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಸೇರಿಸಿ: ಹೊರಗಿನ ರೆಂಡರ್ ಗುಂಪಿನ ಸಂಖ್ಯೆ ಕಂಟೇನರ್ ಒಳಗಿನದಕ್ಕೆ ಹೊಂದುವುದು ಅಪರೂಪ. ‘ಗೆಟ್‌ಎಂಟ್ ಗ್ರೂಪ್ ರೆಂಡರ್’ ಆ ಸಂಖ್ಯೆ ಹೇಳುತ್ತದೆ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್‌ಗೆ ಎನ್‌ವಿಡಿಯಾ ಜಿಟಿ 1030 ಹಾಕಿ ಓಪನ್‌ಸೋರ್ಸ್ ನೂವೋ ಡ್ರೈವರ್‌ನಲ್ಲಿ ಓಡಿಸುತ್ತಿದ್ದೇನೆ. ಓಪನ್‌ಸೋರ್ಸ್ ಬಿಡುವ ಮನಸ್ಸಿಲ್ಲ. ವಿಡಿಯೊ ನುಣುಪಾಗಿಸುವುದು ಹೇಗೆ?

ಉತ್ತರ: ಆ ಜೋಡಿಯಲ್ಲಿ ಆಗುವುದಿಲ್ಲ. ಎನ್‌ವಿಡಿಯಾದ ಎರಡನೇ ಹಂತದ ಮ್ಯಾಕ್ಸ್‌ವೆಲ್ ಚಿಪ್‌ಗಳಿಂದ (ಜಿಟಿಎಕ್ಸ್ 900 ಸಾಲು) ಮುಂದೆ ಗಡಿಯಾರದ ವೇಗ ಏರಿಸುವ ಭಾಗಕ್ಕೆ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಬೇಕು. ನಿಮ್ಮ ಕಾರ್ಡ್‌ನ ಪ್ಯಾಸ್ಕಲ್ ಚಿಪ್‌ಗೆ ನೂವೋ ಬಳಸಬಹುದಾದಂಥದ್ದು ಸಿಕ್ಕಿಲ್ಲ. ಹಾಗಾಗಿ ಬೂಟ್ ಆದಾಗಿನ ನಿಧಾನ ವೇಗದಲ್ಲೇ ಕಾರ್ಡ್ ಕೊನೆತನಕ ಕುಂಟುತ್ತದೆ. ವಿಡಿಯೊ ಡಿಕೋಡಿಂಗೂ ಇಲ್ಲ. ಟ್ಯೂರಿಂಗ್ ಮತ್ತು ಮುಂದಿನ ಕಾರ್ಡ್‌ಗಳಲ್ಲಿ ಜಿಎಸ್‌ಪಿ ಫರ್ಮ್‌ವೇರ್ ಮೂಲಕ ವೇಗದ ಸಮಸ್ಯೆ ನೀಗಿದೆ, ಕರ್ನಲ್ 6.7ರಲ್ಲಿ ಅದಕ್ಕೆ ಬೆಂಬಲ ಬಂತು. 2022ರಲ್ಲಿ ಎನ್‌ವಿಡಿಯಾ ತೆರೆದ ಕರ್ನಲ್ ಮಾಡ್ಯೂಲೂ ಟ್ಯೂರಿಂಗ್‌ನಿಂದ ಈಚಿನವಕ್ಕೇ. ನಿಮ್ಮದು ಅದಕ್ಕೂ ಹಿಂದಿನದು.

ಓಪನ್‌ಸೋರ್ಸ್ ಬಿಡಬಾರದು ಎಂದಿದ್ದರೆ ಕಾರ್ಡನ್ನೇ ಕಳಚಿ. ಮದರ್‌ಬೋರ್ಡ್‌ನ ಎಚ್‌ಡಿಎಂಐ ಕಿಂಡಿಗೆ ಟಿವಿ ಜೋಡಿಸಿ, ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸ್ ಬಳಸಿ. ಕಾರ್ಡ್ ಇರುವಾಗ ಬಯೋಸ್ ಅದನ್ನು ಮುಚ್ಚಿಟ್ಟಿರಬಹುದು. ‘ಪ್ರೈಮರಿ ಡಿಸ್‌ಪ್ಲೇ’ ಅಥವಾ ‘ಐಜಿಪಿಯು ಮಲ್ಟಿ-ಮಾನಿಟರ್’ ಎಂಬ ಆಯ್ಕೆ ಹುಡುಕಿ. ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಮಾತ್ರ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ.

ಪ್ರಶ್ನೆ: ಟಿವಿ ಆನ್ ಮಾಡುವ ಮೊದಲೇ ಕಂಪ್ಯೂಟರ್ ಬೂಟ್ ಆದರೆ ‘ನೋ ಸಿಗ್ನಲ್’ ಅಥವಾ 1024x768. ಪ್ರತಿ ಸಲ ರೀಬೂಟ್ ಮಾಡಬೇಕು. ನಡುವೆ ಎವಿ ರಿಸೀವರ್ (ಹೋಂ ಥಿಯೇಟರ್ ಪೆಟ್ಟಿಗೆ) ಇದೆ.

ಉತ್ತರ: ತನ್ನಿಂದ ಏನೇನು ಸಾಧ್ಯ ಎಂದು ಟಿವಿ ಹೇಳಿಕೊಳ್ಳುವ ಪಟ್ಟಿಯೇ ಇಡಿಐಡಿ. ಟಿವಿ ಮಲಗಿದ್ದಾಗ ಆ ಪಟ್ಟಿ ಸಿಗುವುದಿಲ್ಲ, ಕರ್ನಲ್ ಊಹೆಯ ಮೇಲೆ ನಡೆಯುತ್ತದೆ. ಒಮ್ಮೆ ಸರಿಯಾಗಿ ಓದಿದ ಪಟ್ಟಿಯನ್ನು ಉಳಿಸಿಟ್ಟು ಬೂಟ್‌ನಲ್ಲಿ ಅದನ್ನೇ ಕೊಡುವುದು ಪರಿಹಾರ.

ಟಿವಿ, ರಿಸೀವರ್ ಎರಡೂ ಆನ್ ಇದ್ದು ಚಿತ್ರ, ಧ್ವನಿ ಸರಿಯಿರುವಾಗ ‘/ಸಿಸ್/ಕ್ಲಾಸ್/ಡಿಆರ್‌ಎಂ’ ಒಳಗೆ ನೋಡಿ. ‘ಕಾರ್ಡ್0-ಎಚ್‌ಡಿಎಂಐ-ಎ-1’ ಎಂಬಂಥ ಡೈರೆಕ್ಟರಿ ಇರುತ್ತದೆ. ಈಚಿನ ಕರ್ನಲ್‌ಗಳಲ್ಲಿ ಸಿಂಪಲ್‌ಡಿಆರ್‌ಎಂ ಎಂಬ ಸಾದಾ ಡ್ರೈವರ್ ‘ಕಾರ್ಡ್0’ ಅನ್ನು ಮೊದಲೇ ಹಿಡಿದುಕೊಳ್ಳುವುದರಿಂದ ನಿಮ್ಮದು ‘ಕಾರ್ಡ್1’ ಆಗಿರಬಹುದು. ಅದರೊಳಗಿನ ‘ಇಡಿಐಡಿ’ ಫೈಲನ್ನು ‘ಕ್ಯಾಟ್’ ಮೂಲಕ ‘/ಯುಎಸ್‌ಆರ್/ಲಿಬ್/ಫರ್ಮ್‌ವೇರ್/ಇಡಿಐಡಿ/ಟಿವಿ.ಬಿನ್’ಗೆ ಬರೆಯಿರಿ. ಮೂಲ ಫೈಲ್‌ನ ಗಾತ್ರ ಸೊನ್ನೆ ಎಂದು ತೋರಿಸಿದರೆ ಗಾಬರಿ ಬೇಡ, ಸಿಸ್ ಫೈಲ್‌ಗಳು ಹಾಗೆಯೇ. ಆದರೆ ಪ್ರತಿಯ ಗಾತ್ರ 128ರ ಗುಣಕವಾಗಿರಲೇಬೇಕು, ಟಿವಿಗಳಲ್ಲಿ ಸಾಮಾನ್ಯವಾಗಿ 256 ಬೈಟ್. ಪ್ರತಿಯೂ ಸೊನ್ನೆಯಾದರೆ ತಪ್ಪು ಕಿಂಡಿಯದನ್ನು ಓದಿದ್ದೀರಿ. ರಿಸೀವರ್ ನಡುವೆ ಇಟ್ಟೇ ಓದುವುದು ಮುಖ್ಯ: ಡಿಟಿಎಸ್, ಟ್ರೂಎಚ್‌ಡಿ ಮಾದರಿಯ ಧ್ವನಿ ತನಗೆ ಬರುತ್ತದೆ ಎಂದು ಆ ಪಟ್ಟಿಗೆ ಸೇರಿಸುವುದು ರಿಸೀವರ್. ಟಿವಿಗೆ ನೇರ ಜೋಡಿಸಿ ಓದಿದರೆ ಚಿತ್ರ ಬಂದೀತು, ಆ ಧ್ವನಿ ಬಾರದು.

ಆಮೇಲೆ ಗ್ರಬ್‌ನ ಕರ್ನಲ್ ಸಾಲಿಗೆ ಎರಡನ್ನೂ ಸೇರಿಸಿ: ‘ಡಿಆರ್‌ಎಂ.ಇಡಿಐಡಿ_ಫರ್ಮ್‌ವೇರ್=ಎಚ್‌ಡಿಎಂಐ-ಎ-1:ಇಡಿಐಡಿ/ಟಿವಿ.ಬಿನ್’ ಮತ್ತು ‘ವಿಡಿಯೊ=ಎಚ್‌ಡಿಎಂಐ-ಎ-1:ಡಿ’. ಕೊನೆಯ ದೊಡ್ಡಕ್ಷರದ ಡಿ, ಏನೂ ಜೋಡಿಸಿಲ್ಲ ಎನಿಸಿದರೂ ಆ ಡಿಜಿಟಲ್ ಕಿಂಡಿಯನ್ನು ಆನ್ ಇಡು ಎನ್ನುತ್ತದೆ. ಕಿಂಡಿಯ ಹೆಸರನ್ನು ಸಿಸ್ ಡೈರೆಕ್ಟರಿಯಿಂದಲೇ ತೆಗೆದುಕೊಳ್ಳಿ. ‘ಎಕ್ಸ್‌ರ‍್ಯಾಂಡ್‌ಆರ್’ ಅದನ್ನೇ ‘ಎಚ್‌ಡಿಎಂಐ-1’ ಎಂದು ತೋರಿಸಬಹುದು, ಅದನ್ನು ಬರೆದರೆ ಕೆಲಸ ಮಾಡುವುದಿಲ್ಲ.

ಇಷ್ಟು ಮಾಡಿಯೂ ಆಗದವರು ಸಾಮಾನ್ಯವಾಗಿ ಎಡವುವುದು ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್‌ನ ಆರಂಭದಲ್ಲಿ ಬಳಕೆಯಾಗುವ ಪುಟ್ಟ ಫೈಲ್ ಕಟ್ಟು). ಗ್ರಾಫಿಕ್ಸ್ ಮಾಡ್ಯೂಲ್ ಮುಖ್ಯ ಡಿಸ್ಕ್ ತೆರೆಯುವ ಮೊದಲೇ ಲೋಡ್ ಆಗಿದ್ದರೆ ಟಿವಿ.ಬಿನ್ ಅದರ ಕೈಗೆ ಸಿಗುವುದಿಲ್ಲ. ಫೆಡೋರಾದಲ್ಲಿ ‘/ಇಟಿಸಿ/ಡ್ರಾಕಟ್.ಕಾನ್ಫ್.ಡಿ’ಯ ಒಂದು ಫೈಲ್‌ನಲ್ಲಿ ‘ಇನ್‌ಸ್ಟಾಲ್_ಐಟಂಸ್+=’ ಎಂದು ಬರೆದು ಉದ್ಧರಣ ಚಿಹ್ನೆಯೊಳಗೆ ಪೂರ್ತಿ ದಾರಿ ಕೊಡಿ, ಎರಡೂ ತುದಿಗೆ ಒಂದೊಂದು ಸ್ಪೇಸ್ ಬಿಡಿ, ನಂತರ ‘ಸುಡೊ ಡ್ರಾಕಟ್ -ಎಫ್’. ಡೆಬಿಯನ್‌ನಲ್ಲಿ ‘/ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಹುಕ್ಸ್’ ಒಳಗೆ ಆ ಫೈಲನ್ನು ‘ಡೆಸ್ಟ್‌ಡಿಐಆರ್’ಗೆ ಪ್ರತಿ ಮಾಡುವ ಪುಟ್ಟ ಸ್ಕ್ರಿಪ್ಟ್ ಇಟ್ಟು, ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಟ್ಟು, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ.

ಪ್ರಶ್ನೆ: ಎಲ್ಲ ಹಾರ್ಡ್‌ವೇರ್‌ನಲ್ಲೇ ಓಡುತ್ತಿದೆ, ಸಿಪಿಯು ಆರಾಮಾಗಿದೆ. ಆದರೂ ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಚಿತ್ರ ಜರ್ಕ್ ಹೊಡೆಯುತ್ತದೆ.

ಉತ್ತರ: ಇದು ಲೆಕ್ಕದ ತೊಂದರೆ. ಸಿನಿಮಾ ಸೆಕೆಂಡಿಗೆ 23.976 ಫ್ರೇಂ, ಟಿವಿ 60 ಹರ್ಟ್ಸ್. ಹೊಂದಿಸಲು ಒಂದು ಫ್ರೇಂ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ, ಅಂದರೆ 50 ಮಿಲಿಸೆಕೆಂಡ್, 33 ಮಿಲಿಸೆಕೆಂಡ್, ಮತ್ತೆ 50. ಕಣ್ಣಿಗೆ ಹೊಡೆಯುವುದು ಆ ಏರುಪೇರು.

ಕೋಡಿಯ ಸೆಟ್ಟಿಂಗ್ಸ್‌ನಲ್ಲಿ ಪ್ಲೇಯರ್, ವಿಡಿಯೊಸ್ ಒಳಗೆ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅನ್ನು ‘ಆನ್ ಸ್ಟಾರ್ಟ್/ಸ್ಟಾಪ್’ ಮಾಡಿ. ಸಿಸ್ಟಂ, ಡಿಸ್‌ಪ್ಲೇ ಒಳಗಿನ ವೈಟ್‌ಲಿಸ್ಟ್‌ನಲ್ಲಿ ಟಿವಿ ಬೆಂಬಲಿಸುವ 23.976, 24, 25, 50, 59.94, 60 ದರಗಳನ್ನು ಟಿಕ್ ಮಾಡಿ. 23.976 ಮತ್ತು 24 ಎರಡೂ ಪಟ್ಟಿಯಲ್ಲಿದ್ದರೆ ಎರಡನ್ನೂ ಹಾಕಬೇಕು. 24ರಲ್ಲೇ ಓಡಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಂ ಎರಡು ಸಲ ಬಂದು ಸಣ್ಣ ಮುಗ್ಗರಿಕೆ ಕಾಣುತ್ತದೆ. ‘ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ’ ಆಯ್ಕೆ ಬೇಡ, ಅದು ಧ್ವನಿಯನ್ನು ಎಳೆದು ಹೊಂದಿಸುವುದರಿಂದ ಪಾಸ್‌ಥ್ರೂ (ಧ್ವನಿಯನ್ನು ಬಿಚ್ಚದೆ ಹಾಗೆಯೇ ರಿಸೀವರ್‌ಗೆ ಕಳಿಸುವುದು) ಜೊತೆ ಕೂಡಿಬರುವುದಿಲ್ಲ.

ಚಿತ್ರದ ನಡುವೆ ಅಡ್ಡಗೆರೆ ಹರಿದಂತೆ ಕಂಡರೆ ಅದು ಟೇರಿಂಗ್, ಬೇರೆ ವಿಷಯ. ಟಿವಿ ಕಂಪ್ಯೂಟರ್‌ಗೆ ಡೆಸ್ಕ್‌ಟಾಪ್ ಬೇಕಿಲ್ಲದಿದ್ದರೆ ಎಕ್ಸ್11 (ಪರದೆಯ ವಿಂಡೋಗಳನ್ನು ತೋರಿಸುವ ವ್ಯವಸ್ಥೆ) ಬಿಟ್ಟು, ಖಾಲಿ ಕನ್ಸೋಲ್‌ನಿಂದ ‘ಕೋಡಿ --ವಿಂಡೋಯಿಂಗ್=ಜಿಬಿಎಂ’ ಓಡಿಸುವುದೇ ನಮ್ಮ ಶಿಫಾರಸು. ನಡುವೆ ವಿಂಡೋ ಮ್ಯಾನೇಜರ್ ಇಲ್ಲ, ಟೇರಿಂಗ್ ಇಲ್ಲ, ಎಚ್‌ಡಿಆರ್ ಕೂಡ ಈ ದಾರಿಯಲ್ಲೇ; ಎಕ್ಸ್11ರಲ್ಲಿ ಎಚ್‌ಡಿಆರ್ ಇಲ್ಲವೇ ಇಲ್ಲ. ಆ ಯೂಸರ್ ‘ವಿಡಿಯೊ’, ‘ರೆಂಡರ್’, ‘ಇನ್‌ಪುಟ್’, ‘ಆಡಿಯೊ’ ಗುಂಪುಗಳಲ್ಲಿರಬೇಕು. ಬೇರೆ ಗ್ರಾಫಿಕಲ್ ಸೆಷನ್ ಪರದೆ ಹಿಡಿದಿದ್ದರೆ ಇದು ಶುರುವೇ ಆಗದು. ಎಕ್ಸ್11 ಬಿಡಲಾಗದ ಎಎಂಡಿಯವರು ‘ಎಕ್ಸ್‌ರ‍್ಯಾಂಡ್‌ಆರ್ --ಔಟ್‌ಪುಟ್ ಎಚ್‌ಡಿಎಂಐ-ಎ-0 --ಸೆಟ್ ಟೇರ್‌ಫ್ರೀ ಆನ್’ ಪ್ರಯತ್ನಿಸಬಹುದು.

ಪ್ರಶ್ನೆ: 4ಕೆ ಟಿವಿ, 4ಕೆ ಕೇಬಲ್; ಆದರೂ 30 ಹರ್ಟ್ಸ್‌ಗಿಂತ ಮೇಲಿನ ಆಯ್ಕೆಯೇ ಇಲ್ಲ.

ಉತ್ತರ: ಮೊದಲು ಟಿವಿಯ ಮೆನು. ಆ ಎಚ್‌ಡಿಎಂಐ ಕಿಂಡಿಗೆ ‘ಎನ್‌ಹಾನ್ಸ್ಡ್’, ‘ಡೀಪ್ ಕಲರ್’, ‘ಯುಎಚ್‌ಡಿ ಕಲರ್’ ಎಂಬಂಥ ಹೆಸರಿನ ಆಯ್ಕೆ ಇರುತ್ತದೆ. ಅದು ಆಫ್ ಇದ್ದರೆ ಟಿವಿಯೇ ತಾನು ಎಚ್‌ಡಿಎಂಐ 1.4 ಎಂದು ಸುಳ್ಳು ಹೇಳುತ್ತದೆ. 4ಕೆ 60ಕ್ಕೆ 594 ಮೆಗಾಹರ್ಟ್ಸ್ ಬೇಕು, 1.4ರ ಮಿತಿ 340. ಆದ್ದರಿಂದ 297 ಸಾಕಾಗುವ 4ಕೆ 30ಕ್ಕೇ ನಿಲ್ಲುತ್ತದೆ.

ಕಂಪ್ಯೂಟರ್ ಕಡೆಯೂ ಇದೇ ಮಿತಿ ಇರಬಹುದು. ಸ್ಕೈಲೇಕ್, ಕೇಬಿಲೇಕ್ ಚಿಪ್‌ಗಳ ಸ್ವಂತ ಎಚ್‌ಡಿಎಂಐ 1.4 ಅಷ್ಟೆ. ಬೋರ್ಡ್ ತಯಾರಕರು ಪ್ರತ್ಯೇಕ ಪರಿವರ್ತಕ ಚಿಪ್ ಕೂರಿಸಿದ್ದರೆ ಮಾತ್ರ 2.0. ಇಲ್ಲದಿದ್ದರೆ ಡಿಸ್‌ಪ್ಲೇಪೋರ್ಟ್ ಕಿಂಡಿಯಿಂದ ಎಚ್‌ಡಿಎಂಐ 2.0ಕ್ಕೆ ‘ಆ್ಯಕ್ಟಿವ್’ ಅಡಾಪ್ಟರ್ ಹಾಕಿ. ‘ಪ್ಯಾಸಿವ್’ ಅಡಾಪ್ಟರ್‌ನಿಂದ ಏನೂ ಬದಲಾಗದು. ಎಎಂಡಿ ಕಾರ್ಡ್‌ನಲ್ಲಿ 4ಕೆ 120 ಕೇಳಿದವರಿಗೆ: ಎಚ್‌ಡಿಎಂಐ 2.1 ಅನ್ನು ಓಪನ್‌ಸೋರ್ಸ್ ಡ್ರೈವರ್‌ಗೆ ಸೇರಿಸುವ ಎಎಂಡಿಯ ಪ್ರಸ್ತಾಪವನ್ನು ಎಚ್‌ಡಿಎಂಐ ಫೋರಂ ಒಪ್ಪಲಿಲ್ಲವೆಂದು 2024ರಲ್ಲಿ ತಿಳಿದುಬಂತು. ಅಲ್ಲೂ ಡಿಸ್‌ಪ್ಲೇಪೋರ್ಟ್ ಅಡಾಪ್ಟರೇ ದಾರಿ. ಸಿನಿಮಾ ನೋಡಲು 120 ಬೇಕಾಗಿಯೂ ಇಲ್ಲ.

ಪ್ರಶ್ನೆ: ಕಪ್ಪು ಬಣ್ಣ ಬೂದಿಯಂತೆ ಕಾಣುತ್ತದೆ.

ಉತ್ತರ: ಕಂಪ್ಯೂಟರ್ 16ರಿಂದ 235ರ ಮಿತ ವ್ಯಾಪ್ತಿಯಲ್ಲಿ ಕಳಿಸುತ್ತಿದೆ, ಟಿವಿ ಅದನ್ನು 0ಯಿಂದ 255 ಎಂದು ಓದುತ್ತಿದೆ. ತಿರುವುಮುರುವಾದರೆ ಕತ್ತಲ ದೃಶ್ಯದ ವಿವರವೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಟಿವಿಯ ‘ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್’, ಕೋಡಿಯ ‘ಯೂಸ್ ಲಿಮಿಟೆಡ್ ಕಲರ್ ರೇಂಜ್’, ಇಂಟೆಲ್‌ನಲ್ಲಿ ಡ್ರೈವರ್‌ನ ‘ಬ್ರಾಡ್‌ಕಾಸ್ಟ್ ಆರ್‌ಜಿಬಿ’: ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಕೋಡಿಯದನ್ನು ಆಫ್, ಉಳಿದೆರಡನ್ನು ‘ಆಟೊಮ್ಯಾಟಿಕ್’ ಇಟ್ಟು ಶುರುಮಾಡಿ.

ಪ್ರಶ್ನೆ: ಚಿತ್ರ ಬರುತ್ತದೆ, ಎಚ್‌ಡಿಎಂಐನಲ್ಲಿ ಧ್ವನಿ ಇಲ್ಲ.

ಉತ್ತರ: ಎಚ್‌ಡಿಎಂಐ ಧ್ವನಿ ಗ್ರಾಫಿಕ್ಸ್ ಡ್ರೈವರ್‌ನ ಬೆನ್ನೇರಿ ಬರುತ್ತದೆ, ಆದ್ದರಿಂದ ಮೊದಲ ಪ್ರಶ್ನೆಯ ಪರೀಕ್ಷೆಗಳೆಲ್ಲ ಇಲ್ಲಿಗೂ ಸಲ್ಲುತ್ತವೆ. ಅವೆಲ್ಲ ಸರಿಯಿದ್ದರೆ ‘/ಪ್ರಾಕ್/ಎಸೌಂಡ್’ ಒಳಗಿನ ಕಾರ್ಡ್ ಡೈರೆಕ್ಟರಿಗಳಲ್ಲಿ ‘ಇಎಲ್‌ಡಿ’ ಎಂದು ಶುರುವಾಗುವ ಫೈಲ್‌ಗಳನ್ನು ಓದಿ. ಒಂದರಲ್ಲಿ ‘ಮಾನಿಟರ್_ಪ್ರೆಸೆಂಟ್ 1’, ‘ಇಎಲ್‌ಡಿ_ವ್ಯಾಲಿಡ್ 1’ ಇದ್ದರೆ ಡ್ರೈವರ್ ತನ್ನ ಕೆಲಸ ಮುಗಿಸಿದೆ, ಧ್ವನಿ ತಪ್ಪು ಕಿಂಡಿಗೆ ಹೋಗುತ್ತಿದೆ ಅಷ್ಟೆ. ‘ಪಾವುಕಂಟ್ರೋಲ್’ನ ಕಾನ್ಫಿಗರೇಷನ್ ಪುಟದಲ್ಲಿ ಸರಿಯಾದ ಎಚ್‌ಡಿಎಂಐ ಆರಿಸಿ. ಎಲ್ಲದರಲ್ಲೂ 0 ಇದ್ದರೆ ಇಡಿಐಡಿ ಉತ್ತರಕ್ಕೆ ಹಿಂತಿರುಗಿ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಪಾಸ್‌ಥ್ರೂ ಬೇಕಿದ್ದರೆ ಧ್ವನಿ ಹಂಚುವ ಪೈಪ್‌ವೈರ್ ಜೊತೆ ಗುದ್ದಾಡದೆ ‘ಕೋಡಿ --ಆಡಿಯೊ-ಬ್ಯಾಕೆಂಡ್=ಆಲ್ಸಾ’ ಎಂದು ನೇರ ಕೊಡಿ. ಪ್ರತಿ ದೃಶ್ಯದ ಮೊದಲ ಅರೆಕ್ಷಣ ಧ್ವನಿ ನುಂಗಿಹೋದರೆ ಕೋಡಿಯ ‘ಕೀಪ್ ಆಡಿಯೊ ಡಿವೈಸ್ ಅಲೈವ್’ ಅನ್ನು ‘ಆಲ್ವೇಸ್’ ಮಾಡಿ.

ಪ್ರಶ್ನೆ: ಅಪ್‌ಡೇಟ್ ಆದ ಮೇಲೆ ಸಿನಿಮಾ ನಡುವೆ ಪರದೆ ಹೆಪ್ಪುಗಟ್ಟುತ್ತದೆ. ಧ್ವನಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ.

ಉತ್ತರ: ಹೆಪ್ಪುಗಟ್ಟಿದಾಗ ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಮಾಡಿ ನೋಡಿ. ಒಳಗೆ ಹೋಗಲು ಆದರೆ ಗ್ರಾಫಿಕ್ಸ್ ಚಿಪ್ ಮಾತ್ರ ಸಿಕ್ಕಿಬಿದ್ದಿದೆ, ಅಲ್ಲೇ ‘ಡಿಮೆಸೇಜ್’ ಉಳಿಸಿಕೊಳ್ಳಿ. ಆಗದಿದ್ದರೆ ರೀಬೂಟ್ ಆದಮೇಲೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಹಿಂದಿನ ಬೂಟ್‌ನ ಲಾಗ್ ಕೊಡುತ್ತದೆ. ಅದು ಖಾಲಿ ಬಂದರೆ ‘/ವಾರ್/ಲಾಗ್/ಜರ್ನಲ್’ ಡೈರೆಕ್ಟರಿ ಮಾಡಿ ರೀಬೂಟ್ ಮಾಡಿ, ಮುಂದಿನ ಸಲಕ್ಕೆ ಲಾಗ್ ಉಳಿಯುತ್ತದೆ.

ಇಂಟೆಲ್‌ನಲ್ಲಿ ‘ಜಿಪಿಯು ಹ್ಯಾಂಗ್’ ಎಂದು ಯಾವ ಪ್ರೋಗ್ರಾಂನಿಂದ ಎಂಬುದೂ ಬರೆದಿರುತ್ತದೆ. ಎಎಂಡಿಯಲ್ಲಿ ‘ರಿಂಗ್ ... ಟೈಮ್‌ಔಟ್’ ಸಾಲಿನ ರಿಂಗ್ ಹೆಸರು ನೋಡಿ: ‘ಜಿಎಫ್‌ಎಕ್ಸ್’ ಆದರೆ ಚಿತ್ರ ಬಿಡಿಸುವ ಭಾಗ, ‘ವಿಸಿಎನ್_ಡೆಕ್’ ಅಥವಾ ‘ಯುವಿಡಿ’ ಆದರೆ ವಿಡಿಯೊ ಬಿಚ್ಚುವ ಭಾಗ. ಎರಡನೆಯದಾದರೆ ಕೋಡಿಯಲ್ಲಿ ವಿಎ-ಎಪಿಐ ತಾತ್ಕಾಲಿಕವಾಗಿ ಆಫ್ ಮಾಡಿ, ಅದೇ ಫೈಲನ್ನು ಮತ್ತೆ ಓಡಿಸಿ ಖಚಿತಪಡಿಸಿಕೊಳ್ಳಿ.

ನಂತರ ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಿಂದ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ. ತೊಂದರೆ ಹೋದರೆ ದೋಷ ಕರ್ನಲ್‌ನದು. ಹೋಗದಿದ್ದರೆ ಮೆಸಾ ಅಥವಾ ಫರ್ಮ್‌ವೇರ್. ಫೆಡೋರಾದಲ್ಲಿ ‘ಡಿಎನ್‌ಎಫ್ ಹಿಸ್ಟರಿ’ ನೋಡಿ ಆ ಅಪ್‌ಡೇಟನ್ನು ‘ಅನ್‌ಡು’ ಮಾಡಬಹುದು. ಯಾವ ಆವೃತ್ತಿಯಿಂದ ಯಾವುದಕ್ಕೆ ಹೋದಾಗ ಕೆಟ್ಟಿತು ಎಂಬುದು ಗೊತ್ತಾದರೆ ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್‌ನಲ್ಲಿ ದೂರು ಬರೆಯಿರಿ. ಮೆಸಾಗೆ ಒಂದು ಜಾಗ, ಇಂಟೆಲ್ ಮತ್ತು ಎಎಂಡಿ ಕರ್ನಲ್ ಡ್ರೈವರ್‌ಗಳಿಗೆ ಬೇರೆ ಬೇರೆ ಜಾಗಗಳಿವೆ. ಡಿಮೆಸೇಜ್ ಪೂರ್ತಿ ಲಗತ್ತಿಸಿ. ನಾಲ್ಕು ಸಾಲು ಕತ್ತರಿಸಿ ಹಾಕಿದರೆ ಮೊದಲ ಉತ್ತರವೇ ‘ಪೂರ್ತಿ ಕಳಿಸಿ’ ಎಂದಿರುತ್ತದೆ.

ಸೆಲೆರಾನ್ ಜೆ1900ರಂಥ ಬೇಟ್ರೈಲ್ ಚಿಪ್ ಇದ್ದು ಲಾಗ್‌ನಲ್ಲಿ ಏನೂ ಇಲ್ಲದೆ ಹೆಪ್ಪುಗಟ್ಟುತ್ತಿದ್ದರೆ ಗ್ರಾಫಿಕ್ಸ್ ಬಿಟ್ಟು ಮೊದಲು ಕರ್ನಲ್ ಸಾಲಿಗೆ ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಸೇರಿಸಿ ನೋಡಿ. ಆ ಚಿಪ್‌ಗಳ ನಿದ್ರಾಸ್ಥಿತಿಯ ತಕರಾರು ಹಳೆಯದು. ವಿದ್ಯುತ್ ತುಸು ಹೆಚ್ಚು ಖರ್ಚಾಗುತ್ತದೆ.

ಪ್ರಶ್ನೆ: ಟಿವಿಯ ರಿಮೋಟ್‌ನಿಂದಲೇ ಕೋಡಿ ನಡೆಸಲು ಡ್ರೈವರ್‌ನಲ್ಲಿ ಯಾವ ಆಯ್ಕೆ ಆನ್ ಮಾಡಬೇಕು?

ಉತ್ತರ: ಅಂಥ ಆಯ್ಕೆ ಇಲ್ಲ. ರಿಮೋಟ್ ಸಂದೇಶ ಸಾಗುವ ಸಿಇಸಿ ತಂತಿಯನ್ನು ಬಹುತೇಕ ಪಿಸಿ ಗ್ರಾಫಿಕ್ಸ್‌ನ ಎಚ್‌ಡಿಎಂಐ ಕಿಂಡಿಗೆ ಜೋಡಿಸಿಯೇ ಇರುವುದಿಲ್ಲ. ಎಚ್‌ಡಿಎಂಐ ಕೇಬಲ್ ನಡುವೆ ಕೂರುವ ಯುಎಸ್‌ಬಿ-ಸಿಇಸಿ ಅಡಾಪ್ಟರ್ ಕೊಳ್ಳಿ. ಕೋಡಿ ಅದನ್ನು ‘ಲಿಬ್‌ಸಿಇಸಿ’ ಮೂಲಕ ತಾನೇ ಗುರುತಿಸುತ್ತದೆ. ಅದರ ಸಾಧನ ‘/ಡೆವ್/ಟಿಟಿವೈಎಸಿಎಂ0’ ಎಂದು ಬರುತ್ತದೆ. ಡೆಬಿಯನ್‌ನಲ್ಲಿ ಕೋಡಿ ಯೂಸರ್ ‘ಡಯಲ್‌ಔಟ್’ ಗುಂಪಿನಲ್ಲಿರಬೇಕು.